ಗಾಯಕಿಯ ಧ್ವನಿತಂತುವಿನಲ್ಲಿ ಗಂಟು: ಕತ್ತರಿಸಬೇಕೇ, ಕಾಯಬೇಕೇ?

ಪ್ರಶ್ನೆ: ಮೇಡಂ, ನಮಸ್ಕಾರ. ನನಗೆ 32 ವರ್ಷ, ರಾಜಾಜಿನಗರದಲ್ಲಿದ್ದೇನೆ. ಕರ್ನಾಟಕ ಸಂಗೀತದಲ್ಲಿ ಸೀನಿಯರ್ ಪರೀಕ್ಷೆ ಮುಗಿಸಿದ್ದೇನೆ. ಭಾವಗೀತೆ, ದೇವರನಾಮ ಹಾಡುತ್ತೇನೆ. ಗಣೇಶನ ಹಬ್ಬದಿಂದ ನವೆಂಬರ್ ಕೊನೆಯವರೆಗೆ ಒಂದು ವಾದ್ಯಗೋಷ್ಠಿಯ ಜೊತೆ ರಸಮಂಜರಿ ಕಾರ್ಯಕ್ರಮಗಳಲ್ಲಿ ಸಿನಿಮಾ ಹಾಡುಗಳನ್ನೂ ಹಾಡುತ್ತೇನೆ. ಹಗಲು ಮನೆಯಲ್ಲಿ ಮತ್ತು ಎರಡು ಅಪಾರ್ಟ್‌ಮೆಂಟ್‌ಗಳಲ್ಲಿ ಮಕ್ಕಳಿಗೆ ಪಾಠ ಹೇಳುತ್ತೇನೆ. ಈ ಬಾರಿ ರಾಜ್ಯೋತ್ಸವದ ಕಾರ್ಯಕ್ರಮಗಳು ಮುಗಿದ ಮೇಲೆ ಗಂಟಲು ಕಟ್ಟಿದ್ದು ಇನ್ನೂ ಬಿಟ್ಟಿಲ್ಲ. ತಾರಸ್ಥಾಯಿಯಲ್ಲಿ ಬರೀ ಗಾಳಿ ಬರುತ್ತದೆ. ಇಎನ್‌ಟಿ ವೈದ್ಯರು ಕ್ಯಾಮೆರಾ ಹಾಕಿ ನೋಡಿ, ಎರಡೂ ಧ್ವನಿತಂತುಗಳ ಮೇಲೆ ಸಣ್ಣ ಗಂಟುಗಳಿವೆ ಎಂದರು. ಮೊದಲು ವಾಕ್ ಚಿಕಿತ್ಸೆ (ಸ್ಪೀಚ್ ಥೆರಪಿ), ಆಮೇಲೆ ಬೇಕಿದ್ದರೆ ಶಸ್ತ್ರಚಿಕಿತ್ಸೆ ಎಂದಿದ್ದಾರೆ. ಶಸ್ತ್ರಚಿಕಿತ್ಸೆ ಮಾಡಿಸಿದರೆ ಬೇಗ ಮುಗಿದುಹೋಗುವುದಿಲ್ಲವೇ? ನನ್ನ ಗುರುಗಳು ಬೆಳಗಿನ ಸಾಧಕ ಸಾಲದು, ಶ್ರುತಿ ಇಳಿಸಬೇಡ ಎನ್ನುತ್ತಾರೆ (ನಾನು ಐದೂವರೆ ಮನೆ ಶ್ರುತಿಯಲ್ಲಿ ಹಾಡುತ್ತೇನೆ). ಅತ್ತೆ ಮೆಣಸಿನ ಹಾಲು, ಜೇಷ್ಠಮಧು ಕೊಡುತ್ತಿದ್ದಾರೆ, ಮೊಸರು ಬಿಡಿಸಿದ್ದಾರೆ. ಜನವರಿಗೆ ಐದು ಕಾರ್ಯಕ್ರಮ ಒಪ್ಪಿಕೊಂಡಿದ್ದೇನೆ, ಅದರಲ್ಲಿ ಎರಡು ರಸಮಂಜರಿ. ಬಿಟ್ಟರೆ ಬೇರೆಯವರು ಆ ಜಾಗಕ್ಕೆ ಬರುತ್ತಾರೆ. ಈ ವಿಷಯ ಹೊರಗೆ ಹೇಳಬಹುದೇ? ನಾನು ಇನ್ನು ಹಾಡಬಹುದೇ?

ಉತ್ತರ: ನೀವು ಕೇಳಿರುವುದು ಹಲವು ಪ್ರಶ್ನೆ. ಆದರೆ ಓದುವಾಗ ನನಗೆ ಕೇಳಿಸಿದ್ದು ಒಂದೇ ಇಕ್ಕಟ್ಟು: ಜನವರಿಯಲ್ಲಿ ವೇದಿಕೆ ಬಿಟ್ಟರೆ ಮತ್ತೆ ಯಾರೂ ಕರೆಯಲಿಕ್ಕಿಲ್ಲ, ಬಿಡದಿದ್ದರೆ ಧ್ವನಿಯೇ ಉಳಿಯಲಿಕ್ಕಿಲ್ಲ. ಈ ಊರಿನಲ್ಲಿ ಹಾಡಿ ಬದುಕುವವರಲ್ಲಿ ಬಹಳ ಮಂದಿ ಈ ಭಯವನ್ನು ನುಂಗಿಕೊಂಡೇ ಮೈಕಿನ ಮುಂದೆ ನಿಲ್ಲುತ್ತಾರೆ. ನಾನು ವೈದ್ಯೆಯಲ್ಲ. ಹಾಡಿಯೇ ಸಂಸಾರ ನಡೆಸಿದವಳು. ಈಗ ಹಲವು ವರ್ಷಗಳಿಂದ ಹಾಡುಗಾರರಿಗೆ ಧ್ವನಿಸಾಧಕ ಹೇಳಿಕೊಡುತ್ತ, ವಾಕ್ ಚಿಕಿತ್ಸಕರ ಜೊತೆ ಕೂತು ಕೆಲಸ ಮಾಡುತ್ತ ಬಂದಿದ್ದೇನೆ. ಆ ಅನುಭವದಿಂದ ಹೇಳುತ್ತಿದ್ದೇನೆ. ನಿಮ್ಮ ವೈದ್ಯರ ಮಾತಿಗೆ ಇದು ಪೂರಕವಾಗಿರಲಿ, ಬದಲಿ ಆಗದಿರಲಿ.

ಹಾಡಬಹುದೇ ಎಂಬ ಕೊನೆಯ ಪ್ರಶ್ನೆಗೆ ಮೊದಲೇ ಉತ್ತರ ಕೊಡುತ್ತೇನೆ. ಹಾಡಬಹುದು. ಎರಡೂ ಕಡೆ ಎದುರುಬದುರಾಗಿ ಬರುವ ಸಣ್ಣ ಗಂಟುಗಳು ಕ್ಯಾನ್ಸರ್ ಅಲ್ಲ, ಕ್ಯಾನ್ಸರ್ ಆಗಿ ಮಾರ್ಪಡುವುದೂ ಇಲ್ಲ. ಹೊಸದಾಗಿ ಬಂದ, ಇನ್ನೂ ಮೆತ್ತಗಿರುವ ಗಂಟುಗಳು ಶಸ್ತ್ರಚಿಕಿತ್ಸೆಯಿಲ್ಲದೆ ಕರಗುವ ಸಾಧ್ಯತೆ ಚೆನ್ನಾಗಿಯೇ ಇರುತ್ತದೆ. ಆದರೆ ಅವು ಬಂದ ದಾರಿಯನ್ನು ಮುಚ್ಚಬೇಕು. ಆ ದಾರಿ ನೀವು ಅಂದುಕೊಂಡಿರುವಂತೆ ವೇದಿಕೆಯೊಂದರಿಂದಲೇ ಬಂದದ್ದಲ್ಲ.

ಧ್ವನಿತಂತುಗಳು ಗಂಟಲಿನಲ್ಲಿ ಅಡ್ಡಲಾಗಿ ಇರುವ ಎರಡು ತೆಳು ಮಡಿಕೆಗಳು. ಉಸಿರಿನ ಒತ್ತಡಕ್ಕೆ ಅವು ಕಂಪಿಸಿ ಒಂದಕ್ಕೊಂದು ತಾಕುತ್ತವೆ. ಹೆಂಗಸರು ಸಾಧಾರಣವಾಗಿ ಮಾತನಾಡುವಾಗ ಸೆಕೆಂಡಿಗೆ ಸುಮಾರು 200 ಸಲ, ಗಂಡಸರಲ್ಲಿ ಅದರ ಅರ್ಧಕ್ಕಿಂತ ತುಸು ಹೆಚ್ಚು. ‘ಮನೆ’ ಎಂಬುದು ಶ್ರುತಿಯ ಎತ್ತರದ ಅಳತೆ. ಐದೂವರೆ ಮನೆ ಎಂದರೆ ನಿಮ್ಮ ಮಧ್ಯ ಷಡ್ಜದಲ್ಲಿ ಸುಮಾರು 208 ಸಲ, ತಾರ ಷಡ್ಜದಲ್ಲಿ 415, ತಾರ ಪಂಚಮದಲ್ಲಿ 622. ಪ್ರತಿ ಸಲವೂ ತಂತುಗಳ ನಡುಭಾಗವೇ ಅತಿ ಹೆಚ್ಚು ಪೆಟ್ಟು ತಿನ್ನುವುದು. ಗಂಟು ಏಳುವುದೂ ಅಲ್ಲಿಯೇ. ವೀಣೆ ನುಡಿಸುವವರ ಬೆರಳ ತುದಿಯಲ್ಲಿ ಜಡ್ಡು ಕಟ್ಟುವಂತೆ ಇಲ್ಲಿಯೂ ಒಳಪದರ ಮೊದಲು ಊದಿಕೊಂಡು, ವಿಶ್ರಾಂತಿ ಸಿಗದೆ ಹೋದರೆ ದಪ್ಪಗಾಗುತ್ತದೆ. ಹೆಂಗಸರಲ್ಲಿ ತಂತು ಗಿಡ್ಡ, ಕಂಪನ ಹೆಚ್ಚು. ಆದ್ದರಿಂದಲೇ ಗಾಯಕಿಯರಲ್ಲಿ, ಶಾಲೆಯ ಶಿಕ್ಷಕಿಯರಲ್ಲಿ ಈ ತೊಂದರೆ ಹೆಚ್ಚು ಕಾಣುತ್ತದೆ.

ಗಂಟು ಇದ್ದಾಗ ತಂತುಗಳು ಪೂರ್ತಿ ಮುಚ್ಚಿಕೊಳ್ಳುವುದಿಲ್ಲ. ಉಬ್ಬಿದ ಎರಡು ಜಾಗ ಮೊದಲು ತಾಕುತ್ತವೆ, ಅದರ ಹಿಂದೆ ಮುಂದೆ ಸಣ್ಣ ಕಿಂಡಿ ಉಳಿಯುತ್ತದೆ. ನೀವು ಹೇಳುವ ‘ಬರೀ ಗಾಳಿ’ ಅಲ್ಲಿಂದ ಸೋರುವುದು. ಜೋರಾಗಿ ಹಾಡಿದರೆ ಒತ್ತಡಕ್ಕೆ ಕಿಂಡಿ ಮುಚ್ಚಿಕೊಂಡು ಸ್ವರ ಬಂದುಬಿಡುತ್ತದೆ. ಅದಕ್ಕೇ ಅನೇಕ ಹಾಡುಗಾರರು ‘ವೇದಿಕೆ ಹತ್ತಿದರೆ ಸರಿಹೋಗುತ್ತದೆ’ ಎನ್ನುತ್ತಾರೆ. ಅದು ಸರಿಹೋಗುವುದಲ್ಲ, ಪೆಟ್ಟಿನ ಮೇಲೆ ಪೆಟ್ಟು. ನಿಜ ಸ್ಥಿತಿ ತಿಳಿಯಬೇಕಾದರೆ ಉಲ್ಟಾ ಪರೀಕ್ಷೆ ಮಾಡಿ. ಬೆಳಗ್ಗೆ ಸ್ವಲ್ಪ ಹೊತ್ತು ಗುನುಗಿದ ಮೇಲೆ, ಮಲಗಿರುವ ಮಗುವಿಗೆ ಎಚ್ಚರವಾಗದಷ್ಟು ಮೆಲ್ಲಗೆ, ಊಕಾರದಲ್ಲಿ ತಾರ ಷಡ್ಜ, ರಿಷಭ, ಗಾಂಧಾರಗಳನ್ನು ಮುಟ್ಟಿ. ಎಲ್ಲಿ ಸ್ವರ ಹುಟ್ಟಲು ತಡವಾಗುತ್ತದೋ, ಮೊದಲು ಉಸಿರು ಬಂದು ಆಮೇಲೆ ನಾದ ಬರುತ್ತದೋ ಆ ಸ್ವರವನ್ನು ಬರೆದಿಡಿ. ಇದನ್ನು ದಿನವೂ ಒಂದೇ ಹೊತ್ತಿಗೆ ಒಂದೇ ಸಲ ಮಾಡಿ. ಆ ಗಡಿ ವಾರವಾರಕ್ಕೆ ಮೇಲಕ್ಕೆ ಸರಿಯುತ್ತಿದ್ದರೆ ಊತ ಇಳಿಯುತ್ತಿದೆ ಎಂದರ್ಥ. ಕಾರ್ಯಕ್ರಮದ ಮರುದಿನ ಕೆಳಕ್ಕೆ ಕುಸಿದರೆ ಆ ಕಾರ್ಯಕ್ರಮ ನಿಮಗೆ ಹೆಚ್ಚಾಯಿತು ಎಂದರ್ಥ.

ಈಗ ಮನೆಮದ್ದಿನ ವಿಷಯ. ನಿಮ್ಮ ಅತ್ತೆಯವರು ರಾತ್ರಿ ಎದ್ದು ಹಾಲು ಕಾಯಿಸಿ ಕೊಡುತ್ತಿದ್ದಾರಲ್ಲ, ಆ ಪ್ರೀತಿಯನ್ನು ಖಂಡಿತ ಉಳಿಸಿಕೊಳ್ಳಿ. ಆದರೆ ನುಂಗಿದ ಯಾವ ಪದಾರ್ಥವೂ ಧ್ವನಿತಂತುವನ್ನು ಮುಟ್ಟುವುದಿಲ್ಲ. ನುಂಗುವಾಗ ಧ್ವನಿಪೆಟ್ಟಿಗೆ ಮುಚ್ಚಿಕೊಳ್ಳುತ್ತದೆ, ಆಹಾರ ಅದರ ಹಿಂದಿನ ಅನ್ನನಾಳಕ್ಕೆ ಇಳಿಯುತ್ತದೆ. ತಪ್ಪಿ ಒಂದು ಹನಿ ತಂತುಗಳ ಮೇಲೆ ಬಿದ್ದರೂ ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರು ಬರುತ್ತದೆ. ಆದ್ದರಿಂದ ಕಲ್ಲುಸಕ್ಕರೆ, ಜೇನು, ಶುಂಠಿ, ಮೆಣಸು ಗಂಟಲಿಗೆ ಹಿತ ಕೊಡುತ್ತವೆ, ಗಂಟನ್ನು ಕರಗಿಸುವುದಿಲ್ಲ. ಮೆಣಸಿನ ಹಾಲು ಕುಡಿದು ತಕ್ಷಣ ಮಲಗುವವರಿಗೆ ಹುಳಿತೇಗು ಬಂದರೆ ಅದರಿಂದ ತೊಂದರೆಯೇ ಹೆಚ್ಚು. ಜೇಷ್ಠಮಧುವನ್ನು ದಿನವೂ ಹೆಚ್ಚಾಗಿ, ತಿಂಗಳುಗಟ್ಟಲೆ ಸೇವಿಸಿದರೆ ರಕ್ತದೊತ್ತಡ ಏರಬಹುದು, ಪೊಟ್ಯಾಸಿಯಂ ಇಳಿಯಬಹುದು. ಬಿ.ಪಿ. ಇರುವವರು ಅದರ ಹತ್ತಿರ ಹೋಗದಿರುವುದೇ ಒಳ್ಳೆಯದು. ಮೊಸರು ಬಿಡಬೇಕಾದ ಅಗತ್ಯವಿಲ್ಲ. ತಿಂದ ಮೇಲೆ ಗಂಟಲಲ್ಲಿ ಗಟ್ಟಿಯಾಗಿ ಅಂಟಿಕೊಂಡಂತೆ ಅನ್ನಿಸಿದರೆ ಹಾಡುವ ದಿನ ಮಾತ್ರ ಬಿಡಿ. ತಣ್ಣೀರಿನಿಂದ ಗಂಟು ಬರುವುದಿಲ್ಲ.

ನೀರು ಬೇಕು, ಆದರೆ ಹಾಡುಗಳ ನಡುವೆ ಕುಡಿದ ಗುಟುಕು ಬಾಯಿಯನ್ನಷ್ಟೇ ಒದ್ದೆ ಮಾಡುತ್ತದೆ. ತಂತುಗಳಿಗೆ ತಲುಪಲು ಅದು ಮೈಯೆಲ್ಲ ಸುತ್ತಿ ಬರಬೇಕು. ಸಂಜೆಯ ಕಾರ್ಯಕ್ರಮಕ್ಕೆ ಬೆಳಗಿನಿಂದಲೇ ನೀರು ಕುಡಿಯುತ್ತಿರಬೇಕು. ಅಪಾರ್ಟ್‌ಮೆಂಟ್ ಪಾಠಗಳ ನಡುವೆ ಶೌಚಾಲಯದ ಅನುಕೂಲವಿಲ್ಲ ಎಂದು ನೀರು ಕುಡಿಯದೆ ದಿನ ಕಳೆಯುವ ಶಿಕ್ಷಕಿಯರನ್ನು ನಾನು ಎಷ್ಟೋ ಮಂದಿ ನೋಡಿದ್ದೇನೆ. ಪಾಠ ಒಪ್ಪಿಕೊಳ್ಳುವಾಗ ಸಂಕೋಚವಿಲ್ಲದೆ ಕೇಳಬೇಕಾದ ಅನುಕೂಲ ಅದು. ಬರೀ ನೀರಿನ ಹಬೆ ತೆಗೆದುಕೊಳ್ಳುವುದು ಒಳ್ಳೆಯದು, ಏಕೆಂದರೆ ಉಸಿರಿನ ಜೊತೆ ಹೋಗುವ ತೇವ ನಿಜವಾಗಿಯೂ ತಂತುಗಳನ್ನು ಮುಟ್ಟುತ್ತದೆ. ಅದಕ್ಕೆ ಮೆಂಥಾಲ್, ನೀಲಗಿರಿ ಎಣ್ಣೆ ಬೆರೆಸಬೇಡಿ. ಆ ಘಾಟು ಊದಿದ ಪದರವನ್ನು ಕೆರಳಿಸುತ್ತದೆ.

ಇನ್ನೊಂದು ತಪ್ಪು ತಿಳಿವಳಿಕೆ ಇದೆ, ಅದು ಇವೆಲ್ಲಕ್ಕಿಂತ ಹಾನಿಕರ: ಪಿಸುಮಾತು. ಗಂಟಲು ಕಟ್ಟಿದಾಗ ಪಿಸುಗುಟ್ಟಿ ಮಾತನಾಡಿದರೆ ವಿಶ್ರಾಂತಿ ಎಂದು ಎಲ್ಲರೂ ನಂಬುತ್ತಾರೆ. ಒತ್ತಿ ಪಿಸುಗುಟ್ಟುವಾಗ ಧ್ವನಿಪೆಟ್ಟಿಗೆಯ ಸುತ್ತಲಿನ ಸ್ನಾಯುಗಳು ಬಿಗಿದುಕೊಳ್ಳುತ್ತವೆ, ಅದರಲ್ಲಿ ವಿಶ್ರಾಂತಿಯಿಲ್ಲ. ಮಾತನಾಡಲೇಬೇಕಾದರೆ ಹತ್ತಿರ ಹೋಗಿ, ಮೆಲ್ಲಗೆ, ಸಹಜ ಧ್ವನಿಯಲ್ಲಿ ಮಾತನಾಡಿ. ಹಾಗೆಯೇ ಗಂಟಲು ಕೆರೆಯುವ ಅಭ್ಯಾಸ. ಹಾಡುವ ಮೊದಲು ‘ಹ್ಞೂಂ ಹ್ಞೂಂ’ ಎಂದು ಕೆರೆದಾಗ ಎರಡು ತಂತುಗಳೂ ರಭಸದಿಂದ ಉಜ್ಜಿಕೊಳ್ಳುತ್ತವೆ, ಉಜ್ಜಿದ್ದಕ್ಕೆ ಇನ್ನಷ್ಟು ಲೋಳೆ ಬರುತ್ತದೆ, ಮತ್ತೆ ಕೆರೆಯಬೇಕೆನಿಸುತ್ತದೆ. ಬದಲಿಗೆ ಎಂಜಲು ನುಂಗಿ, ಇಲ್ಲವೇ ಒಂದು ಗುಟುಕು ನೀರು ಕುಡಿಯಿರಿ.

ನಿಮ್ಮ ದಿನವನ್ನು ಒಮ್ಮೆ ನೋಡೋಣ. ಹಬ್ಬದ ಋತುವಿನಲ್ಲಿ ಕಾರ್ಯಕ್ರಮ ಮುಗಿಸಿ ಮನೆ ಸೇರುವುದು ರಾತ್ರಿ ಹನ್ನೆರಡಕ್ಕೆ. ಹಸಿವಿನಲ್ಲಿ ಊಟ, ತಕ್ಷಣ ಹಾಸಿಗೆ. ಹೊಟ್ಟೆಯ ಆಮ್ಲ ಮಲಗಿದಾಗ ಮೇಲಕ್ಕೆ ಬಂದು ಗಂಟಲಿನ ಹಿಂಭಾಗವನ್ನು ಸುಡುತ್ತದೆ. ಎದೆಯುರಿ ಇಲ್ಲದೆಯೂ ಹೀಗಾಗಬಹುದು. ಬೆಳಗ್ಗೆ ಎದ್ದಾಗಲೇ ಧ್ವನಿ ಒರಟಾಗಿದ್ದು ಮಧ್ಯಾಹ್ನಕ್ಕೆ ಬಿಡುವುದಾದರೆ ಇದರ ಅನುಮಾನ ಇರಲಿ, ವೈದ್ಯರಿಗೆ ಹೇಳಿ. ಬೆಳಗ್ಗೆ ಮಕ್ಕಳ ಪಾಠ. ಸರಳೆ, ಜಂಟಿವರಸೆ ಎಂಬ ಆರಂಭದ ಪಾಠಗಳನ್ನು ಅವರ ಜೊತೆ ನೀವೂ ಪೂರ್ತಿ ಹಾಡುತ್ತೀರಿ. ಅದೂ ಮಕ್ಕಳ ಗದ್ದಲದ ಮೇಲೆ. ನಡುವೆ ಸ್ಕೂಟರಿನಲ್ಲಿ ಹೆಲ್ಮೆಟ್ ಒಳಗಿನಿಂದ ಫೋನ್, ಬಸ್ಸಿನಲ್ಲಿ ಸಂಘಟಕರ ಜೊತೆ ಮಾತು. ಸಂಜೆ ಮತ್ತೆ ಪಾಠ. ಭಾನುವಾರ ರಿಹರ್ಸಲ್. ಕಾಂಗ್ರೆಸ್ ಗಿಡದ ಪರಾಗ, ರಸ್ತೆ ಕೆಲಸದ ದೂಳು ಎಂದು ಮೂಗು ಸೋರಿದರೆ ಅಲರ್ಜಿ ಮಾತ್ರೆ, ಅಂಥ ಮಾತ್ರೆಗಳಲ್ಲಿ ಹಲವು ತಂತುಗಳನ್ನೂ ಒಣಗಿಸುತ್ತವೆ. ನೀವು ವೇದಿಕೆಯಲ್ಲಿ ಹಾಡುವುದು ಹೆಚ್ಚೆಂದರೆ ದಿನಕ್ಕೆ ಒಂದೆರಡು ಗಂಟೆ. ತಂತುಗಳಿಗೆ ಪೆಟ್ಟು ಬೀಳುತ್ತಿರುವುದು ಬೆಳಗಿನಿಂದ ಮಧ್ಯರಾತ್ರಿಯವರೆಗೆ. ನನ್ನ ಅನುಭವದಲ್ಲಿ ಗಂಟು ಬಂದ ಹಾಡುಗಾರರಲ್ಲಿ ಹೆಚ್ಚಿನವರ ಕಾಯಿಲೆ ಶುರುವಾದದ್ದು ಪಾಠದ ಕೋಣೆಯಲ್ಲಿ, ಹೊರಬಿದ್ದದ್ದು ವೇದಿಕೆಯಲ್ಲಿ.

ಪಾಠದಲ್ಲಿ ಮಾಡಬಹುದಾದ್ದು ಬಹಳವಿದೆ. ಸೊಂಟಕ್ಕೆ ಕಟ್ಟಿಕೊಳ್ಳುವ ಸಣ್ಣ ಮೈಕು-ಸ್ಪೀಕರ್ ಸಿಗುತ್ತದೆ, ಶಾಲಾ ಶಿಕ್ಷಕರು ಬಳಸುವಂಥದ್ದು. ಹತ್ತು ಮಕ್ಕಳಿದ್ದರೂ ನಾಚಿಕೆಯಿಲ್ಲದೆ ಅದನ್ನು ಹಾಕಿಕೊಳ್ಳಿ. ಸ್ವರಗಳನ್ನು ಹಾರ್ಮೋನಿಯಂ ಅಥವಾ ಕೀಬೋರ್ಡಿನಲ್ಲಿ ನುಡಿಸಿ ತೋರಿಸಿ. ಒಂದು ಸಲ ನೀವು ಹಾಡಿ, ಮುಂದಿನ ಮೂರು ಸಲ ಮಕ್ಕಳೇ ಹಾಡಲಿ, ನೀವು ತಾಳ ಹಾಕುತ್ತ ಕೇಳಿ. ಹಾಗೆ ಕಲಿತ ಮಕ್ಕಳಿಗೆ ಶ್ರುತಿಯೂ ಬೇಗ ಕೂರುತ್ತದೆ, ಏಕೆಂದರೆ ನಿಮ್ಮ ಧ್ವನಿಯ ಆಸರೆ ಅವರಿಗೆ ಇರುವುದಿಲ್ಲ. ಎರಡು ತರಗತಿಗಳ ನಡುವೆ ಕಾಲು ಗಂಟೆ ಪೂರ್ಣ ಮೌನ.

ಪೆಂಡಾಲಿನ ವೇದಿಕೆಯ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ಬೀದಿಯ ಗಣೇಶೋತ್ಸವದ ಒಂದು ಸಾಮಾನ್ಯ ವೇದಿಕೆಯನ್ನು ನೆನೆಸಿಕೊಳ್ಳಿ. ಹಿಂದೆ ರಿದಂ ಪ್ಯಾಡ್, ಎಡಕ್ಕೆ ಕೀಬೋರ್ಡ್, ಬಲಕ್ಕೆ ತಬಲಾ, ಢೋಲಕ್. ಎರಡು ಪಕ್ಕದಲ್ಲೂ ಆಳೆತ್ತರದ ಸ್ಪೀಕರುಗಳು ಜನರ ಕಡೆ ಮುಖ ಮಾಡಿವೆ. ವೇದಿಕೆಯ ಮೇಲಿನವರಿಗೆ ಕೇಳಿಸಲು ಇಡುವ ಸ್ಪೀಕರ್, ಅಂದರೆ ಮಾನಿಟರ್, ಇರುವುದು ಒಂದೇ, ಅದೂ ಕೀಬೋರ್ಡ್‌ನವರ ಕಾಲ ಬಳಿ. ಹಾಡುವವಳಿಗೆ ತನ್ನ ಧ್ವನಿಯೇ ಕೇಳಿಸುವುದಿಲ್ಲ. ಸುತ್ತಲಿನ ಸದ್ದು ಏರಿದಂತೆ ಮನುಷ್ಯ ತನಗೆ ಗೊತ್ತಿಲ್ಲದೆಯೇ ಜೋರಾಗಿ ಹಾಡುತ್ತಾನೆ, ಇದನ್ನು ಇಚ್ಛಾಶಕ್ತಿಯಿಂದ ತಡೆಯುವುದು ಕಷ್ಟ. ಎಷ್ಟು ಒಳ್ಳೆಯ ಶಿಕ್ಷಣ ಇದ್ದರೂ ಈ ವೇದಿಕೆಯಲ್ಲಿ ಮೂರನೆಯ ಹಾಡಿಗೆ ನೀವು ಕಿರುಚುತ್ತಿರುತ್ತೀರಿ. ಆದ್ದರಿಂದ ಸೌಂಡ್‌ನವರ ಬಳಿ ಹಾಡು ಶುರುವಾಗುವ ಮೊದಲೇ ಹೋಗಿ ಹೇಳಿ: ಒಂದು ಮಾನಿಟರ್ ನನ್ನ ಕಡೆ ತಿರುಗಿಸಿ, ಅದರಲ್ಲಿ ನನ್ನ ಧ್ವನಿ ಮುಂದಿರಲಿ, ಎಕೋ ಕಡಿಮೆ ಇರಲಿ. ಎಕೋ ಹೆಚ್ಚಿದರೆ ಕೇಳುವವರಿಗೆ ಮಧುರ, ಹಾಡುವವರಿಗೆ ತನ್ನ ಸ್ವರ ಎಲ್ಲಿದೆ ಎಂಬುದೇ ತಿಳಿಯದು. ಅವರು ಒಪ್ಪದಿದ್ದರೆ ಒಂದು ಕಿವಿಗೆ ಇಯರ್‌ಫೋನ್ ಕೊಡಲು ಕೇಳಿ. ಮೈಕನ್ನು ತುಟಿಯ ಹತ್ತಿರ, ಎರಡು ಬೆರಳಿನ ಅಂತರದಲ್ಲಿ ಹಿಡಿಯಿರಿ. ಗಂಡಸರು ಇದನ್ನು ಕೇಳಿದರೆ ‘ತಿಳಿದವರು’, ಹೆಂಗಸರು ಕೇಳಿದರೆ ‘ಜಂಬ’ ಎನ್ನುವ ವಾತಾವರಣ ಇನ್ನೂ ಇದೆ. ಆದರೂ ಕೇಳಿ. ನಾವು ಕೇಳದಿದ್ದರೆ ಮುಂದೆ ಬರುವ ಹುಡುಗಿಯರೂ ಅದೇ ಕತ್ತಲಲ್ಲಿ ಹಾಡಬೇಕಾಗುತ್ತದೆ.

ಶ್ರುತಿಯ ವಿಷಯದಲ್ಲಿ ನಿಮ್ಮ ಗುರುಗಳ ಮಾತಿಗೆ ನಾನು ವಿನಯದಿಂದಲೇ ಭಿನ್ನಾಭಿಪ್ರಾಯ ಹೇಳುತ್ತೇನೆ. ಐದೂವರೆಯಿಂದ ನಾಲ್ಕೂವರೆ ಮನೆಗೆ ಇಳಿದರೆ ತಾರ ಪಂಚಮದಲ್ಲಿ ತಂತುಗಳ ಕಂಪನ ಸೆಕೆಂಡಿಗೆ 622ರಿಂದ ಸುಮಾರು 554ಕ್ಕೆ ಇಳಿಯುತ್ತದೆ. ಒಂದು ದೀರ್ಘ ಸ್ವರ ನಿಲ್ಲಿಸಿದರೆ ಉಳಿಯುವ ಪೆಟ್ಟು ನೂರಾರು. ಅದಕ್ಕಿಂತ ದೊಡ್ಡ ಲಾಭ ಎಂದರೆ ಮೇಲಿನ ಸ್ವರಗಳನ್ನು ಹಿಡಿಯಲು ಕುತ್ತಿಗೆ ಬಿಗಿಯಬೇಕಾಗುವುದಿಲ್ಲ. ಕರ್ನಾಟಕ ಸಂಗೀತದ ಹಿರಿಯ ಗಾಯಕಿ ಡಿ.ಕೆ. ಪಟ್ಟಮ್ಮಾಳ್ ಅವರು ತಗ್ಗಿನ ಶ್ರುತಿಯಲ್ಲಿ ಹಾಡಿದವರು. ನಮ್ಮ ಗಂಗೂಬಾಯಿ ಹಾನಗಲ್ ಅವರ ಧ್ವನಿ ಗಂಟಲಿನ ಚಿಕಿತ್ಸೆಯೊಂದರ ನಂತರ ಗಡುಸಾಯಿತು. ಆ ಗಡುಸು ಧ್ವನಿಯಲ್ಲೇ ಅವರು ಮಾಡಿದ ರಾಗವಿಸ್ತಾರಕ್ಕೆ ನಾಡೇ ತಲೆಬಾಗಿತು. ಶ್ರುತಿ ಏರಿದಷ್ಟೂ ವಿದ್ವತ್ತು ಏರುತ್ತದೆ ಎಂಬುದು ನಮ್ಮಲ್ಲಿ ಯಾರೋ ಬಿತ್ತಿದ ಭ್ರಮೆ. ಸಿನಿಮಾ ಹಾಡಿನಲ್ಲಂತೂ ಇನ್ನೂ ಸುಲಭ. ಕೀಬೋರ್ಡಿನಲ್ಲಿ ಟ್ರಾನ್ಸ್‌ಪೋಸ್ ಗುಂಡಿಯನ್ನು ಎರಡು ಸಲ ಒತ್ತಿದರೆ ಹಾಡು ಎರಡು ಅರ್ಧಸ್ವರ ಕೆಳಗೆ ಬರುತ್ತದೆ. ಮೂಲ ಶ್ರುತಿಯಲ್ಲೇ ಇರಲಿ ಎಂದು ಹಟ ಹಿಡಿಯುವವರು ವಾದ್ಯದವರೇ ಹೊರತು ಕೇಳುಗರಲ್ಲ.

ಬೆಳಗಿನ ಸಾಧಕ ಒಳ್ಳೆಯದೇ. ಮಂದ್ರ ಸ್ಥಾಯಿಯ ಅಕಾರ ಸಾಧಕದಿಂದ ಧ್ವನಿಗೆ ಬರುವ ಗಾತ್ರ, ಸ್ಥಿರತೆ ನಮ್ಮ ಹಿರಿಯರು ಕಂಡುಕೊಂಡ ಸತ್ಯ. ರುದ್ರಪಟ್ಟಣದಲ್ಲಿ ಹುಟ್ಟಿ ಬೆಂಗಳೂರಿನಲ್ಲಿ ನೆಲೆಸಿದ ಆರ್.ಕೆ. ಶ್ರೀಕಂಠನ್ ಅವರು (1920–2014) ತೊಂಬತ್ತು ದಾಟಿದ ಮೇಲೂ ಕಚೇರಿ ಮಾಡಿದರು. ಅವರ ಶಿಸ್ತಿನ ಬದುಕನ್ನು ಈ ಊರಿನ ಸಂಗೀತಗಾರರೆಲ್ಲ ಬಲ್ಲರು. ಆದರೆ ಬೆಳಗಿನ ಸಾಧಕಕ್ಕೆ ಹಿಂದಿನ ರಾತ್ರಿಯ ನಿದ್ರೆ ಬೇಕು. ಹನ್ನೆರಡಕ್ಕೆ ಮನೆಗೆ ಬಂದು ನಾಲ್ಕಕ್ಕೆ ಎದ್ದು ಹಾಡುವುದು ಊದಿದ ತಂತುಗಳನ್ನು ಮತ್ತೆ ಉಜ್ಜುವುದಷ್ಟೇ. ಈಗ ಕೆಲವು ವಾರ ನಿಮ್ಮ ಸಾಧಕ ಬೇರೆಯಾಗಿರಲಿ. ಅರ್ಧ ಲೋಟ ನೀರಿನಲ್ಲಿ ಸ್ಟ್ರಾ ಎರಡು ಬೆರಳಿನಷ್ಟು ಮುಳುಗಿಸಿ, ತುಟಿ ಬಿಗಿಯಾಗಿ ಮುಚ್ಚಿ, ಅದರೊಳಗೆ ಊಕಾರದಲ್ಲಿ ಮಧ್ಯ ಷಡ್ಜದಿಂದ ಪಂಚಮದವರೆಗೆ ಮೆಲ್ಲಗೆ ಏರಿ ಇಳಿಯಿರಿ. ಗುಳ್ಳೆಗಳು ಒಂದೇ ಸಮ ಬರುತ್ತಿರಬೇಕು, ಕೆನ್ನೆ ಸಡಿಲವಾಗಿರಬೇಕು. ಬಾಯಿಯ ಬಳಿ ಉಂಟಾಗುವ ಆ ಒತ್ತಡ ತಂತುಗಳನ್ನು ಸ್ವಲ್ಪ ದೂರ ಹಿಡಿದು, ಪೆಟ್ಟು ಕಡಿಮೆಯಾಗಿ ನಾದ ಬರುವಂತೆ ಮಾಡುತ್ತದೆ. ಒಂದು ಸಲಕ್ಕೆ ಐದು ನಿಮಿಷ, ದಿನಕ್ಕೆ ನಾಲ್ಕೈದು ಸಲ. ವಾಕ್ ಚಿಕಿತ್ಸಕರು ಇದನ್ನು ನಿಮ್ಮ ಸ್ಥಿತಿಗೆ ತಕ್ಕಂತೆ ತಿದ್ದುತ್ತಾರೆ.

ಈಗ ನಿಮ್ಮ ಮುಖ್ಯ ಪ್ರಶ್ನೆ, ಶಸ್ತ್ರಚಿಕಿತ್ಸೆ. ನಿಮ್ಮ ವೈದ್ಯರು ಕೊಟ್ಟ ಕ್ರಮ ಸರಿಯಾಗಿದೆ. ಎರಡೂ ಕಡೆಯ ಗಂಟುಗಳಿಗೆ ಮೊದಲ ಚಿಕಿತ್ಸೆ ವಾಕ್ ಚಿಕಿತ್ಸೆಯೇ. ಹೆಚ್ಚಾಗಿ ಒಂದೇ ಕಡೆ ಏಳುವ ಪಾಲಿಪ್ ಎಂಬ ಮೆತ್ತನೆಯ ಉಬ್ಬು ಇದ್ದರೆ ಮಾತು ಬೇರೆ, ಅದಕ್ಕೆ ಹೆಚ್ಚಾಗಿ ಕತ್ತರಿಸುವ ಅಗತ್ಯ ಬೀಳುತ್ತದೆ. ಆದ್ದರಿಂದ ಸ್ಟ್ರೋಬೋಸ್ಕೋಪಿ ಆಗಿದೆಯೇ ಕೇಳಿ. ಮಿನುಗುವ ಬೆಳಕಿನಲ್ಲಿ ತಂತುಗಳ ಕಂಪನವನ್ನು ನಿಧಾನಗತಿಯಲ್ಲಿ ಕಾಣಿಸುವ ಪರೀಕ್ಷೆ ಅದು. ಸಾಧಾರಣ ಕ್ಯಾಮೆರಾದಲ್ಲಿ ಗಂಟಿನಂತೆ ಕಂಡದ್ದು ಅದರಲ್ಲಿ ಬೇರೆಯೇ ಆಗಿ ಕಾಣಬಹುದು. ಗಂಟಿನ ಹೊರತಾಗಿ ಪದರ ಎಷ್ಟು ಸಲೀಸಾಗಿ ಅಲೆಯುತ್ತಿದೆ ಎಂಬುದೂ ತಿಳಿಯುತ್ತದೆ, ಹಾಡುಗಾರರಿಗೆ ಅದೇ ಮುಖ್ಯ.

ಶಸ್ತ್ರಚಿಕಿತ್ಸೆ ಬೇಗ ಮುಗಿಯುತ್ತದೆ ಎಂಬುದು ಅರ್ಧ ನಿಜ. ಮೇಜಿನ ಮೇಲಿನ ಕೆಲಸ ಬೇಗ ಮುಗಿಯುತ್ತದೆ. ಅದರ ನಂತರ ಕೆಲವು ದಿನ ಪೂರ್ಣ ಮೌನ, ಆಮೇಲೆ ವಾರಗಟ್ಟಲೆ ಅಳೆದು ತೂಗಿ ಮಾತು, ಪೂರ್ಣ ಪ್ರಮಾಣದ ಹಾಡಿಗೆ ತಿಂಗಳುಗಳು. ಆಗಲೂ ಇದೇ ವಾಕ್ ಚಿಕಿತ್ಸೆ ಬೇಕೇ ಬೇಕು. ಅಪಾಯ ಇರುವುದು ಗಾಯ ಮಾಯ್ದು ಉಳಿಯುವ ಕಲೆಯಲ್ಲಿ. ತಂತುವಿನ ಮೇಲ್ಪದರದ ಕೆಳಗೆ ಮೆತ್ತನೆಯ ಪದರ ಒಂದಿದೆ, ಕಂಪನವೆಲ್ಲ ಅದರ ಸಲೀಸಿನ ಮೇಲೆ ನಿಂತಿದೆ. ಅಲ್ಲಿ ಗಾಯದ ಕಲೆ ಉಳಿದರೆ ಪದರ ಬಿಗಿಯಾಗುತ್ತದೆ, ಬಿಗಿದದ್ದನ್ನು ಮೊದಲಿನಂತೆ ಮಾಡುವುದು ಇಂದಿಗೂ ಬಹಳ ಕಷ್ಟ. ನುರಿತ ಕೈಯಲ್ಲಿ ಈ ಅಪಾಯ ಕಡಿಮೆ, ಸೊನ್ನೆಯಲ್ಲ. ಗಂಗೂಬಾಯಿಯವರ ಉದಾಹರಣೆ ಹೇಳಿ ‘ಧ್ವನಿ ಬದಲಾದರೂ ಪರವಾಗಿಲ್ಲ’ ಎಂದು ಯಾರಾದರೂ ಸಮಾಧಾನ ಮಾಡಿದರೆ ಅದನ್ನು ನಂಬಿ ಮೇಜಿನ ಮೇಲೆ ಮಲಗಬೇಡಿ. ಮತ್ತೊಂದು ಮಾತು: ದಿನಚರಿ ಬದಲಾಗದೆ ಗಂಟು ಮಾತ್ರ ತೆಗೆಸಿದವರಿಗೆ ಅದು ಮತ್ತೆ ಬರುತ್ತದೆ. ವಾಕ್ ಚಿಕಿತ್ಸೆಯನ್ನು ನಿಷ್ಠೆಯಿಂದ ಮಾಡಿ ಎರಡು ಮೂರು ತಿಂಗಳಾದರೂ ಗಂಟು ಗಟ್ಟಿಯಾಗಿ ಉಳಿದಿದ್ದರೆ, ಹಾಡಿಗೆ ಅಡ್ಡಿಯಾಗುತ್ತಿದ್ದರೆ, ಆಗ ಶಸ್ತ್ರಚಿಕಿತ್ಸೆ ಸರಿಯಾದ ದಾರಿ. ಹಾಡುಗಾರರ ಧ್ವನಿಯನ್ನೇ ಹೆಚ್ಚಾಗಿ ನೋಡುವ ಶಸ್ತ್ರವೈದ್ಯರನ್ನು ಹುಡುಕಿ, ಇನ್ನೊಬ್ಬರ ಅಭಿಪ್ರಾಯವನ್ನೂ ಪಡೆಯಿರಿ.

ವಾಕ್ ಚಿಕಿತ್ಸೆ ಸಾಮಾನ್ಯವಾಗಿ ವಾರಕ್ಕೊಮ್ಮೆ, ಆರರಿಂದ ಎಂಟು ವಾರ. ಮನೆಯ ಅಭ್ಯಾಸ ದಿನವೂ. ಬೆಂಗಳೂರಿನಲ್ಲಿ ಲಿಂಗರಾಜಪುರದ ಡಾ. ಎಸ್.ಆರ್. ಚಂದ್ರಶೇಖರ್ ವಾಕ್ ಮತ್ತು ಶ್ರವಣ ಸಂಸ್ಥೆ ಇದೆ, ದೊಡ್ಡ ಆಸ್ಪತ್ರೆಗಳ ಇಎನ್‌ಟಿ ವಿಭಾಗಗಳಲ್ಲೂ ಚಿಕಿತ್ಸಕರಿರುತ್ತಾರೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿ 1960ರ ದಶಕದಿಂದ ಇರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಒಂದು ದಿನ ಹೋಗಿ ಬರಬಹುದು. ಯಾರ ಬಳಿ ಹೋದರೂ ಮಾತನಾಡಿ ತೋರಿಸಿ ಸುಮ್ಮನಾಗಬೇಡಿ, ಶ್ರುತಿ ಹಾಕಿಕೊಂಡು ಹಾಡಿ ತೋರಿಸಿ. ಅನೇಕರ ಮಾತು ಸರಿಯಿದ್ದು ಹಾಡಿನಲ್ಲಿ ಮಾತ್ರ ದೋಷ ಕಾಣುತ್ತದೆ.

ಔಷಧಿಗಳ ವಿಷಯದಲ್ಲಿ ಎರಡು ಎಚ್ಚರಿಕೆ. ಕಾರ್ಯಕ್ರಮದ ಸಂಜೆ ಸ್ಟಿರಾಯ್ಡ್ ಚುಚ್ಚುಮದ್ದು ಹಾಕಿಸಿಕೊಂಡು ಹಾಡುವ ಅಭ್ಯಾಸ ನಮ್ಮ ವಲಯದಲ್ಲಿ ಇದೆ. ಅದು ಊತವನ್ನು ತಗ್ಗಿಸಿ ಧ್ವನಿ ತೆರೆಯುತ್ತದೆ, ಆದರೆ ಪೆಟ್ಟು ಬೀಳುತ್ತಿರುವುದು ನಿಮಗೆ ತಿಳಿಯದಂತೆ ಮಾಡುತ್ತದೆ. ತಪ್ಪಿಸಲಾಗದ ಒಂದು ಸಂದರ್ಭಕ್ಕೆ, ತಂತುಗಳನ್ನು ನೋಡಿದ ವೈದ್ಯರೇ ಕೊಟ್ಟರೆ ಸರಿ. ಪರಿಚಯದವರು ಹೇಳಿದ ಕ್ಲಿನಿಕ್ಕಿನಲ್ಲಿ ಖಂಡಿತ ಬೇಡ. ಎರಡನೆಯದು, ಆಸ್ಪಿರಿನ್, ಐಬುಪ್ರೊಫೆನ್ ಬಗೆಯ ನೋವಿನ ಮಾತ್ರೆಗಳು ರಕ್ತಸ್ರಾವದ ಸಾಧ್ಯತೆ ಹೆಚ್ಚಿಸುತ್ತವೆ. ಮುಟ್ಟಿನ ಮುಂಚಿನ ದಿನಗಳಲ್ಲಿ ತಂತುಗಳೂ ತುಸು ಊದಿಕೊಂಡಿರುತ್ತವೆ. ಹೊಟ್ಟೆನೋವಿಗೆ ಆ ಮಾತ್ರೆ ನುಂಗಿ ಅದೇ ರಾತ್ರಿ ತಾರಸ್ಥಾಯಿಯಲ್ಲಿ ಅಬ್ಬರಿಸಿದರೆ ತಂತುವಿನೊಳಗಿನ ಸಣ್ಣ ರಕ್ತನಾಳ ಒಡೆಯಬಹುದು. ಪ್ಯಾರಾಸಿಟಮಾಲ್ ಸಾಕಾಗುತ್ತದೆಯೇ ಎಂದು ವೈದ್ಯರನ್ನು ಕೇಳಿ. (ಹೃದಯದ ತೊಂದರೆಗೆ ಆಸ್ಪಿರಿನ್ ತೆಗೆದುಕೊಳ್ಳುವವರು ತಾವಾಗಿಯೇ ನಿಲ್ಲಿಸಬಾರದು.) ಹಾಡುತ್ತಿರುವಾಗಲೇ ಧ್ವನಿ ತಟ್ಟನೆ ಹೋದರೆ ಆ ಹಾಡನ್ನು ಅಲ್ಲಿಗೇ ನಿಲ್ಲಿಸಿ, ಒಂದು ಮಾತನ್ನೂ ಆಡದೆ ಮರುದಿನವೇ ತಂತುಗಳನ್ನು ತೋರಿಸಿ. ಉಸಿರಾಟಕ್ಕೆ ತೊಂದರೆ, ಕೆಮ್ಮಿನಲ್ಲಿ ರಕ್ತ ಬಂದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ವೈದ್ಯರಿಗೆ ಇನ್ನೂ ತೋರಿಸದೆ ಇರುವ ಓದುಗರಿಗೆ: ಮೂರು ವಾರ ದಾಟಿದ ಗಂಟಲ ಒರಟುತನವನ್ನು ಶೀತ ಎಂದು ಬಿಡಬೇಡಿ.

ಹೊರಗೆ ಹೇಳಬಹುದೇ ಎಂದಿದ್ದೀರಿ. ಎಲ್ಲರಿಗೂ ಹೇಳಬೇಕಿಲ್ಲ, ಆದರೆ ಸುಳ್ಳು ನೆಪ ಹೇಳಬೇಡಿ. ‘ಮನೆಯಲ್ಲಿ ಸಮಾರಂಭ’ ಎಂದರೆ ಬೇರೊಬ್ಬರನ್ನು ಕರೆಸಿ ಸುಮ್ಮನಾಗುತ್ತಾರೆ. ‘ಧ್ವನಿಗೆ ಚಿಕಿತ್ಸೆ ನಡೆಯುತ್ತಿದೆ, ಶಿವರಾತ್ರಿಯ ಹೊತ್ತಿಗೆ ತಯಾರಾಗುತ್ತೇನೆ, ಈ ಎರಡು ಕಾರ್ಯಕ್ರಮಕ್ಕೆ ಇಂಥವರನ್ನು ನಾನೇ ಒಪ್ಪಿಸಿದ್ದೇನೆ’ ಎಂದರೆ ನಿಮ್ಮ ಜಾಗ ನಿಮ್ಮದಾಗಿ ಉಳಿಯುವ ಸಾಧ್ಯತೆ ಹೆಚ್ಚು. ಕೆಲವರು ಆಗಲೂ ಮರೆಯುತ್ತಾರೆ, ಅದನ್ನು ನಾನು ಮುಚ್ಚಿಡುವುದಿಲ್ಲ. ಈ ಕೆಲಸದಲ್ಲಿ ರಜೆಯೆಂಬುದು ಇಲ್ಲ, ಪಿಂಚಣಿಯ ಮಾತಂತೂ ದೂರ. ಆದ್ದರಿಂದಲೇ ಹೇಳುತ್ತೇನೆ, ವರ್ಷದ ಲೆಕ್ಕ ಹಾಕುವಾಗ ಆಷಾಢವನ್ನು ಆದಾಯವಿಲ್ಲದ ತಿಂಗಳು ಎಂದು ಕೊರಗದೆ, ಧ್ವನಿಯ ರಜೆ ಎಂದೇ ಬರೆದುಕೊಳ್ಳಿ. ಹಬ್ಬದ ಋತುವಿನ ಗಳಿಕೆಯಲ್ಲಿ ಅದಕ್ಕೆಂದು ಒಂದು ಪಾಲು ತೆಗೆದಿಡಿ.

ಜನವರಿಗೆ ನನ್ನ ಸಲಹೆ ಹೀಗಿದೆ. ಧನುರ್ಮಾಸದಲ್ಲಿ ಮದುವೆಗಳಿಲ್ಲ, ಚಿಕಿತ್ಸೆ ಶುರುಮಾಡಲು ಅದು ಒಳ್ಳೆಯ ಬಿಡುವು, ಈ ವಾರವೇ ಹೋಗಿ. ಎರಡು ರಸಮಂಜರಿಗಳನ್ನು ಬಿಟ್ಟುಬಿಡಿ. ಉಳಿದ ಮೂರರಲ್ಲಿ ಮೊದಲನೆಯದನ್ನು ಒಪ್ಪುವ ಮುನ್ನ ಚಿಕಿತ್ಸಕರನ್ನು ಕೇಳಿ. ಅವರು ಹೂಂ ಎಂದರೆ ನಾಲ್ಕೂವರೆ ಮನೆಯಲ್ಲಿ, ಅರ್ಧದಷ್ಟು ಹಾಡು, ನಡುನಡುವೆ ಕೊಳಲು ಅಥವಾ ಸಹಗಾಯಕರಿಗೆ ಅವಕಾಶ. ಮರುದಿನದ ಮೆಲುದನಿಯ ಪರೀಕ್ಷೆಯಲ್ಲಿ ಗಡಿ ಕುಸಿದಿದ್ದರೆ ಮುಂದಿನ ಎರಡನ್ನೂ ಬಿಡಿ, ಕುಸಿಯದಿದ್ದರೆ ಹಾಡಿ. ಈಗ ಮಾಡಿರುವ ಪರೀಕ್ಷೆಯ ವಿಡಿಯೊ ಪ್ರತಿಯನ್ನು ಕೇಳಿ ಪಡೆದಿಟ್ಟುಕೊಳ್ಳಿ. ರಾಮನವಮಿಯ ಕಾರ್ಯಕ್ರಮಗಳನ್ನು ಒಪ್ಪಿಕೊಳ್ಳುವ ಮೊದಲು ಮತ್ತೊಮ್ಮೆ ಪರೀಕ್ಷೆ ಮಾಡಿಸಿ, ಎರಡನ್ನೂ ಪಕ್ಕಪಕ್ಕ ಇಟ್ಟು ತೋರಿಸುವಂತೆ ವೈದ್ಯರನ್ನು ಕೇಳಿ, ಎಷ್ಟು ಕಾರ್ಯಕ್ರಮ ಒಪ್ಪಬಹುದು ಎಂಬುದನ್ನು ಅದರ ಮೇಲೆ ನಿರ್ಧರಿಸಿ.